ಚಾಕುವಿನ ಬಾಯಿಂದ ಚಕ್ಕೆ ಹಾರುವುದು ಯಾಕೆ?

ಕಿಟಕಿ ಪಕ್ಕ ನಿಂತು ನಿಮ್ಮ ಚಾಕುವಿನ ಬಾಯಿಯನ್ನು ಮೇಲ್ಮುಖ ಮಾಡಿ, ಬೆಳಕಿಗೆ ಹಿಡಿದು ನೋಡಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಕು ಬಿದ್ದು ಹೊಳೆಯಲು ಅಲ್ಲಿ ಜಾಗವೇ ಇರುವುದಿಲ್ಲ, ಅಷ್ಟು ತೆಳು. ಬಾಯಿಯ ಉದ್ದಕ್ಕೂ ಬಿಳಿ ಗೆರೆ ಮಿನುಗಿದರೆ ಚಾಕು ಮೊಂಡಾಗಿದೆ, ಇಲ್ಲವೇ ಬಾಯಿ ಒಂದು ಪಕ್ಕಕ್ಕೆ ಹೊರಳಿದೆ. ಒಂದೆರಡು ಕಡೆ ಮಾತ್ರ ಚುಕ್ಕೆಯಾಗಿ ಮಿನುಗಿದರೆ ಅಲ್ಲಿಂದ ಚಕ್ಕೆ ಹಾರಿದೆ. ಅನುಮಾನ ಇದ್ದರೆ ಹೆಬ್ಬೆರಳ ಉಗುರಿನ ಮೇಲೆ ಬಾಯಿಯನ್ನು ಭಾರ ಹಾಕದೆ ಹಗುರವಾಗಿ ಎಳೆಯಿರಿ. ಕಣ್ಣಿಗೆ ಸಿಗದ ಹಲ್ಲು ಉಗುರಿಗೆ ಸಿಗುತ್ತದೆ. ಟೊಮೆಟೊ ಸಿಪ್ಪೆಯ ಮೇಲೆ ಸಲೀಸಾಗಿ ಹೋಗುತ್ತಿದ್ದ ಚಾಕು ಒಂದೇ ಜಾಗದಲ್ಲಿ ಪದೇ ಪದೇ ತಡೆಯುತ್ತದಲ್ಲ, ಅದಕ್ಕೆ ಕಾರಣ ಇದೇ ಹಲ್ಲು.

ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತದೆ. ಪಾರ್ಸೆಲ್ ಬಿಚ್ಚೋದು, ಸುತಲಿ ದಾರ ಕತ್ತರಿಸೋದು, ಮಾವಿನಹಣ್ಣು ಹೆಚ್ಚೋದು, ಗಿಡದ ಒಣ ಕಡ್ಡಿ ಸವರೋದು, ಕೇಬಲ್ ಟೈ ತೆಗೆಯೋದು. ದೊಡ್ಡ ಕೆಲಸ ಯಾವುದೂ ಅಲ್ಲ. ಆದರೆ ದಿನಾ ಇರುವ ಕೆಲಸ. ಹೀಗೆ ದಿನಾ ಬಳಸುವವರು ಸೇರಿದಲ್ಲೆಲ್ಲ ಬರುವ ಪ್ರಶ್ನೆ ಒಂದೇ: ಯಾವ ಉಕ್ಕು ಒಳ್ಳೆಯದು? ಉತ್ತರವಾಗಿ ಬರುವುದು ಅಕ್ಷರ, ಅಂಕಿಗಳ ಸಾಲು. ಯಾವುದು ಎಷ್ಟು ದಿನ ಹರಿತ ಉಳಿಸಿಕೊಳ್ಳುತ್ತದೆ ಎಂಬ ಲೆಕ್ಕ. ಹರಿತ ಹೋಗುವಾಗ ಅದು ಹೇಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಅದೇ ದೊಡ್ಡ ಪ್ರಶ್ನೆ ಅನ್ನಿಸುತ್ತದೆ.

ಚಾಕುವಿನ ಬಾಯಿ ಕೆಡುವುದು ಮೂರು ಥರ. ಒಂದು, ಸವೆತ. ರಟ್ಟಿನ ಪೆಟ್ಟಿಗೆ ಜಾಸ್ತಿ ಕತ್ತರಿಸುವವರ ಚಾಕು ಹೀಗೆ ನಿಧಾನಕ್ಕೆ ಮೊಂಡಾಗುತ್ತದೆ. ಎರಡು, ಬಾಯಿ ಪಕ್ಕಕ್ಕೆ ಹೊರಳುವುದು. ಉಕ್ಕು ಮೆತ್ತಗಿದ್ದರೆ ಹೀಗಾಗುತ್ತದೆ. ಮೂರು, ಚಕ್ಕೆ ಹಾರುವುದು. ಮೊದಲ ಎರಡರಲ್ಲಿ ಉಕ್ಕು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಕಲ್ಲಿನ ಮೇಲೆ ಸ್ವಲ್ಪ ಮಸೆದರೆ ಬಾಯಿ ಮತ್ತೆ ಸರಿಯಾಗುತ್ತದೆ. ಮೂರನೆಯದರಲ್ಲಿ ತುಂಡು ಹೋಗಿಯೇ ಬಿಟ್ಟಿದೆ. ಆ ಗುಂಡಿಯ ತಳ ಮುಟ್ಟುವವರೆಗೆ ಇಡೀ ಬಾಯಿಯನ್ನು ಸವೆಸದೆ ಬೇರೆ ದಾರಿ ಇಲ್ಲ. ಒಂದು ಚಿಕ್ಕ ಚಕ್ಕೆಗಾಗಿ ಅಲಗಿನ ಉದ್ದಕ್ಕೂ ಒಳ್ಳೆಯ ಉಕ್ಕನ್ನು ಕಳೆದುಕೊಳ್ಳಬೇಕು.

ಹಾಗಾದರೆ ಉಕ್ಕನ್ನು ಮೆತ್ತಗೆ ಮಾಡಿದರೆ ಆಯಿತಲ್ವಾ? ಒಂದು ಮಟ್ಟಿಗೆ ಹೌದು. ಸ್ವಿಸ್ ಚಾಕು ತಯಾರಿಸುವ ವಿಕ್ಟೋರಿನಾಕ್ಸ್ ಅದನ್ನೇ ಮಾಡುತ್ತಾ ಬಂದಿದೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಈಬಾಖ್ ಊರಿನಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಮಾಪನದಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಿದಷ್ಟೂ ಗಡಸು. ಮಡಚುವ ಚಾಕುಗಳು ಸಾಮಾನ್ಯವಾಗಿ 56ರಿಂದ 62ರ ನಡುವೆ ಇರುತ್ತವೆ. ವಿಕ್ಟೋರಿನಾಕ್ಸ್ ಅಲಗು 56. ಅದೇ ಚಾಕುವಿನ ಕತ್ತರಿ ಮತ್ತು ಗರಗಸ 53, ಸ್ಕ್ರೂಡ್ರೈವರ್ ಮತ್ತು ಡಬ್ಬಿ ತೆಗೆಯುವ ಕೊಕ್ಕೆ 52, ಒಳಗಿನ ಸ್ಪ್ರಿಂಗ್ 49. ಕೈಯಲ್ಲಿ ಮುಚ್ಚಿ ಹಿಡಿಯಬಹುದಾದ ವಸ್ತುವಿನೊಳಗೆ ಎಷ್ಟೊಂದು ಹದ ನೋಡಿ. ಸ್ಕ್ರೂಡ್ರೈವರ್ ತಿರುಚುವ ಬಲ ತಡೆಯಬೇಕು, ಸ್ಪ್ರಿಂಗ್ ಬಾಗಿ ಮತ್ತೆ ನೆಟ್ಟಗಾಗಬೇಕು, ಅಲಗು ಕತ್ತರಿಸಬೇಕು. ಗಡಸು ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ಅವರು ಹೊರಟಿದ್ದರೆ ಎಲ್ಲವೂ ಒಂದೇ ಅಂಕಿಯಲ್ಲಿ ಇರುತ್ತಿದ್ದವು.

ಈ ಚಾಕುವಿನ ಬಾಯಿಂದ ಚಕ್ಕೆ ಹಾರುವುದು ಅಪರೂಪ. ಅದು ಹೊರಳುತ್ತದೆ, ಮೊಂಡಾಗುತ್ತದೆ. ಕಾಫಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿರುವ ಹೊಳಪಿಲ್ಲದ ಪಿಂಗಾಣಿ ಬಳೆಯ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದನ್ನು ಕಡಿಮೆ ದರ್ಜೆಯ ಉಕ್ಕು ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಬೇಕಂತಲೇ ಆರಿಸಿಕೊಂಡ ಹದ.

ಆದರೆ ಗಡಸುತನ ಅರ್ಧ ಕಥೆ ಮಾತ್ರ. ಒಂದೇ ಗಡಸುತನದ ಎರಡು ಚಾಕುಗಳಲ್ಲಿ ಒಂದರ ಬಾಯಿ ಹಾರಿ, ಇನ್ನೊಂದು ಗಟ್ಟಿಯಾಗಿ ನಿಲ್ಲಬಹುದು. ಅದಕ್ಕೆ ಕಾರಣ ಉಕ್ಕಿನೊಳಗಿನ ಕಾರ್ಬೈಡ್ ಕಣಗಳು. ಉಕ್ಕಿನಲ್ಲಿರುವ ಇಂಗಾಲ ಕ್ರೋಮಿಯಂ, ವನೇಡಿಯಂನಂಥ ಲೋಹಗಳ ಜೊತೆ ಸೇರಿ ತೀರಾ ಗಟ್ಟಿಯಾದ ಹರಳುಗಳಾಗುತ್ತದೆ. ಸವೆತ ತಡೆಯುವುದು ಇವೇ. ಚಾಕು ಬಹಳ ದಿನ ಹರಿತವಾಗಿ ಉಳಿಯುವುದು ಇವುಗಳಿಂದಲೇ. ಚಕ್ಕೆ ಹಾರುವುದಕ್ಕೂ ಬಹುತೇಕ ಇವೇ ದಾರಿ ಮಾಡಿಕೊಡುತ್ತವೆ.

ಶೇಂಗಾ ಚಿಕ್ಕಿ ಮತ್ತು ಎಳ್ಳು ಚಿಕ್ಕಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡಕ್ಕೂ ಅದೇ ಬೆಲ್ಲ, ಅದೇ ಪಾಕ. ಎಳ್ಳು ಚಿಕ್ಕಿಯನ್ನು ತೆಳ್ಳಗೆ ಕತ್ತರಿಸಿದರೂ ಅಂಚು ನೇರವಾಗಿ ಬರುತ್ತದೆ. ಶೇಂಗಾ ಚಿಕ್ಕಿಯಲ್ಲಿ ಅಂಚಿಗೆ ಒಂದು ಇಡೀ ಬೀಜ ಬಂತೋ, ಅದು ಕಳಚಿಬಿದ್ದು ಅಲ್ಲೊಂದು ಗುಂಡಿ ಉಳಿಯುತ್ತದೆ. ಉಕ್ಕಿನಲ್ಲೂ ಆಗುವುದು ಇದೇ. ಚೆನ್ನಾಗಿ ಮಸೆದ ಬಾಯಿಯ ತುದಿ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವೂ ಇರುವುದಿಲ್ಲ. ಡಿ2 ಎಂಬ ಉಕ್ಕಿನೊಳಗಿನ ಕ್ರೋಮಿಯಂ ಕಾರ್ಬೈಡ್‌ಗಳು ಹತ್ತಾರು ಮೈಕ್ರಾನ್ ಉದ್ದ ಇರಬಹುದು. ಹಾಗಾದರೆ ಬಾಯಿಯ ತುದಿಯಲ್ಲಿ ಒಂದು ಕಡೆ ಬರೀ ಕಾರ್ಬೈಡ್, ಪಕ್ಕದಲ್ಲಿ ಬರೀ ಉಕ್ಕು. ಪಕ್ಕದಿಂದ ಸ್ವಲ್ಪ ಬಲ ಬಿದ್ದರೂ ಎರಡರ ನಡುವೆ ಬಿರುಕು ಬಿಡುತ್ತದೆ.

ಡಿ2 ಅಂದರೆ ಪೀಣ್ಯದ ಟೂಲ್ ರೂಮ್‌ಗಳಲ್ಲಿ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು. ತಗಡು ಕತ್ತರಿಸುವ ಡೈ, ಪಂಚ್ ಮಾಡಲು ಬಳಸುವ ಉಕ್ಕು. ಸುಮಾರು ಶೇಕಡಾ 1.5 ಇಂಗಾಲ, 12 ಕ್ರೋಮಿಯಂ. ಡೈನಲ್ಲಿ ಅಂಚು ದಪ್ಪಗಿರುತ್ತದೆ, ಹಾಗಾಗಿ ದೊಡ್ಡ ಕಾರ್ಬೈಡ್ ಇದ್ದರೂ ನಡೆಯುತ್ತದೆ. ಅದೇ ಉಕ್ಕಿನಲ್ಲಿ ತೆಳ್ಳನೆಯ ಚಾಕು ಮಾಡಿದಾಗ ಗುಣ ಬೇರೆಯಾಗುತ್ತದೆ. ಕಡಿಮೆ ಬೆಲೆಯ ಮಡಚುವ ಚಾಕುಗಳಲ್ಲಿ ಈಗ ಡಿ2 ಎಲ್ಲೆಲ್ಲೂ ಇದೆ. ರಟ್ಟು ಕತ್ತರಿಸಲು ಅದು ಸೊಗಸಾದ ಉಕ್ಕು. ಕೊಂಬೆ ಕೊಚ್ಚಲು ನಾನು ಅದನ್ನು ತೆಗೆಯುವುದಿಲ್ಲ.

ಈ ದೊಡ್ಡ ಕಾರ್ಬೈಡ್ ಸಮಸ್ಯೆಗೆ ಉತ್ತರವಾಗಿ ಬಂದದ್ದು ಪುಡಿಯಿಂದ ಮಾಡುವ ಉಕ್ಕು. ಕರಗಿದ ಉಕ್ಕಿನ ಧಾರೆಗೆ ರಭಸವಾಗಿ ಅನಿಲ ಬಿಟ್ಟು ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತಾರೆ. ಪ್ರತಿ ಹನಿಯೂ ತಕ್ಷಣ ಗಟ್ಟಿಯಾಗುವುದರಿಂದ ಕಾರ್ಬೈಡ್ ಬೆಳೆಯಲು ಸಮಯವೇ ಸಿಗುವುದಿಲ್ಲ. ಆ ಪುಡಿಯನ್ನು ಡಬ್ಬಿಗೆ ತುಂಬಿ, ಶಾಖ ಮತ್ತು ಒತ್ತಡ ಕೊಟ್ಟು ಒಂದೇ ಗಟ್ಟಿ ಮಾಡುತ್ತಾರೆ. ಅಮೆರಿಕದ ಕ್ರೂಸಿಬಲ್ ಕಂಪನಿ ಈ ದಾರಿಯಲ್ಲಿ 2001ರಲ್ಲಿ ಎಸ್30ವಿ ತಂದಿತು. ಮೊದಲು ಕಾರ್ಖಾನೆಯ ಯಂತ್ರಗಳಿಗೆಂದು ಹುಟ್ಟಿ ಆಮೇಲೆ ಚಾಕುವಿಗೆ ಬಂದ ಉಕ್ಕುಗಳೇ ಜಾಸ್ತಿ ಇದ್ದ ಕಾಲದಲ್ಲಿ, ಇದನ್ನು ಚಾಕುವಿಗೆಂದೇ ರೂಪಿಸಿದ್ದರು. ಡಿಕ್ ಬಾರ್ಬರ್ ಅದರ ಹಿಂದಿದ್ದ ಲೋಹತಜ್ಞ. ಚಾಕು ತಯಾರಕ ಕ್ರಿಸ್ ರೀವ್ ಜೊತೆಗಿದ್ದರು. ಶೇಕಡಾ 4ರಷ್ಟು ವನೇಡಿಯಂ ಅದರಲ್ಲಿದೆ. ವನೇಡಿಯಂ ಕಾರ್ಬೈಡ್ ಎಷ್ಟು ಗಟ್ಟಿಯೆಂದರೆ ಮಾಮೂಲಿ ಅಲ್ಯುಮಿನಿಯಂ ಆಕ್ಸೈಡ್ ಸಾಣೆಕಲ್ಲಿಗಿಂತ ಗಟ್ಟಿ. ಅದನ್ನು ಮಸೆಯಲು ವಜ್ರದ ಪುಡಿ ಅಂಟಿಸಿದ ತಗಡೇ ವಾಸಿ.

ಇಷ್ಟಾದರೂ ಎಸ್30ವಿ ಚಾಕುಗಳ ಬಾಯಿ ಹಾರುತ್ತದೆ ಎಂಬ ದೂರು ಶುರುವಿನ ವರ್ಷಗಳಲ್ಲೇ ಕೇಳಿಬಂತು. 2009ರಲ್ಲಿ ಕ್ರೂಸಿಬಲ್ ವನೇಡಿಯಂ ಸ್ವಲ್ಪ ಇಳಿಸಿ, ಒಂದಿಷ್ಟು ನಯೋಬಿಯಂ ಎಂಬ ಲೋಹ ಸೇರಿಸಿ ಎಸ್35ವಿಎನ್ ಮಾಡಿತು. ಜಿಗುಟುತನ, ಅಂದರೆ ಒಡೆಯದೆ ತಾಳಿಕೊಳ್ಳುವ ಗುಣ, ಹೆಚ್ಚಿಸಬೇಕು, ಯಂತ್ರದಲ್ಲಿ ಕೆಲಸ ಸುಲಭವಾಗಬೇಕು ಎಂಬುದು ಉದ್ದೇಶ. ಆಮೇಲೆ 2021ರಲ್ಲಿ ಬಂದ ಮ್ಯಾಗ್ನಾಕಟ್ ನನಗೆ ನಿಜಕ್ಕೂ ಖುಷಿ ಕೊಟ್ಟ ಉಕ್ಕು. ಲಾರಿನ್ ಥಾಮಸ್ ಎಂಬ ಲೋಹತಜ್ಞ ಅದನ್ನು ರೂಪಿಸಿದರು. ಅವರ ಯೋಚನೆ ಸರಳ. ತುಕ್ಕು ಹಿಡಿಯದಿರಲು ಕ್ರೋಮಿಯಂ ಬೇಕು. ಆದರೆ ಕ್ರೋಮಿಯಂ ಹೋಗಿ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆದರೆ ಎರಡು ನಷ್ಟ. ಆ ಕ್ರೋಮಿಯಂ ತುಕ್ಕು ತಡೆಯುವ ಕೆಲಸಕ್ಕೆ ಸಿಗುವುದಿಲ್ಲ, ಮೇಲೆ ದೊಡ್ಡ ಕಣವಾಗಿ ಕೂತು ಬಾಯಿಯನ್ನು ದುರ್ಬಲ ಮಾಡುತ್ತದೆ. ಅದಕ್ಕೆ ಅವರು ಕ್ರೋಮಿಯಂ ಅನ್ನು ಶೇಕಡಾ 10.7ಕ್ಕೆ ಇಳಿಸಿ, ಕ್ರೋಮಿಯಂ ಕಾರ್ಬೈಡ್ ಉಳಿಯದಂತೆ ನೋಡಿಕೊಂಡರು. ಉಳಿಯುವುದು ಸಣ್ಣ ಸಣ್ಣ ವನೇಡಿಯಂ, ನಯೋಬಿಯಂ ಕಾರ್ಬೈಡ್ ಮಾತ್ರ. ಏನನ್ನು ತೆಗೆಯಬೇಕು ಅಂತ ಕೂತು ಯೋಚಿಸಿ ಮಾಡಿದ ಉಕ್ಕು ಇದು, ಅದಕ್ಕೇ ನನಗೆ ಇಷ್ಟ.

ಹಾಗಂತ ಹೊಸದೇ ಬೇಕು ಅಂತಿಲ್ಲ. ಸ್ವೀಡನ್ನಿನ ಉಡೆಹೋಮ್ ಕಂಪನಿ ದಾಡಿ ಬ್ಲೇಡಿಗಾಗಿ ಮಾಡಿದ ಎಇಬಿ-ಎಲ್ ಉಕ್ಕಿನಲ್ಲಿ ಇಂಗಾಲ ಶೇಕಡಾ 0.67, ಕ್ರೋಮಿಯಂ 13ರ ಆಸುಪಾಸು. ಪುಡಿ ಮಾಡುವ ರಗಳೆ ಯಾವುದೂ ಇಲ್ಲ. ಇಂಗಾಲ ಮತ್ತು ಕ್ರೋಮಿಯಂ ಎರಡನ್ನೂ ಸರಿಯಾಗಿ ಹೊಂದಿಸಿದ್ದರಿಂದಲೇ ಕಾರ್ಬೈಡ್‌ಗಳು ತೀರಾ ಸಣ್ಣವಾಗಿ ಉಳಿಯುತ್ತವೆ. ಬೇಗ ಸವೆಯುತ್ತದೆ ನಿಜ. ಆದರೆ ತೆಳ್ಳಗೆ ಮಸೆದರೂ ಬಾಯಿ ಹಾರುವುದು ಕಡಿಮೆ.

ದಾಡಿ ಬ್ಲೇಡ್ ಅಂದಾಗ ಒಂದು ಸಂಗತಿ ಹೇಳಲೇಬೇಕು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ದಾಡಿ ಮಾಡಿ ಮಾಡಿ ಬ್ಲೇಡ್ ಮೊಂಡಾಗುತ್ತದೆ. ಹೇಗೆ? ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಂಡದಲ್ಲಿದ್ದ ಜಾನ್‌ಲೂಕಾ ರೊಷಿಯೋಲಿ ತಮ್ಮದೇ ದಾಡಿ ಮಾಡಿಕೊಂಡು, ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾ ಹೋದರು. ಬ್ಲೇಡ್ ಸವೆದು ಉರುಟಾಗುವುದಕ್ಕಿಂತ ಮುಂಚೆ ಅದರ ಅಂಚಿನಿಂದ ಚಕ್ಕೆಗಳು ಹಾರಿದ್ದವು. ಕೂದಲು ನೆಟ್ಟಗೆ ಕತ್ತರಿಸಿಕೊಂಡಾಗ ಹೀಗಾಗುವುದಿಲ್ಲ. ಅದು ಬಾಗಿ, ಓರೆಯಾಗಿ ಒತ್ತಿದಾಗ, ಒತ್ತಡ ಬಿದ್ದ ಜಾಗದಲ್ಲೇ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದಿದ್ದಾಗ, ಬಿರುಕು ಅಲ್ಲಿಂದ ಶುರುವಾಗುತ್ತದೆ. ಕೂದಲಿನಂಥ ಮೆತ್ತನೆಯ ವಸ್ತುವಿಗೇ ಹೀಗಾದರೆ, ನಾವು ಚಾಕುವನ್ನು ಮರದ ಗಂಟಿನಲ್ಲಿ ಸಿಕ್ಕಿಸಿ ತಿರುಚಿದಾಗ ಏನಾಗಬೇಡ!

ಗಟ್ಟಿತನ ಮತ್ತು ಜಿಗುಟುತನದ ಈ ಹಗ್ಗಜಗ್ಗಾಟ ಹೊಸದಲ್ಲ, ದೂರದ್ದೂ ಅಲ್ಲ. ದಕ್ಷಿಣ ಭಾರತದಲ್ಲಿ ಮೂಸೆ ಎಂಬ ಮಣ್ಣಿನ ಪಾತ್ರೆಯೊಳಗೆ ಕಾಯಿಸಿ ಮಾಡುತ್ತಿದ್ದ ಉಕ್ಕನ್ನು ಯುರೋಪಿನವರು ವೂಟ್ಜ್ ಅಂತ ಕರೆದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಇಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೂ ಕೆಲವು ವರ್ಷ ಮುಂಚೆ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಂಥ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ್ದ. ಜಾರ್ಜ್ ಪಿಯರ್ಸನ್ ಎಂಬ ಇಂಗ್ಲಿಷ್ ವೈದ್ಯ 1795ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದ. ಆ ಉಕ್ಕನ್ನು ಬಡಿದು ನೋಡಿದವನು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ. ಅವನು ಅದರಿಂದ ಮಾಡಿದ್ದು ಒಂದು ಪುಟ್ಟ ಪೆನ್‌ಚಾಕು. ಆಮೇಲೆ ತನ್ನ ಅಂಗಡಿಯ ಜಾಹೀರಾತು ಚೀಟಿಯಲ್ಲೇ ಅವನು ಈ ಭಾರತದ ಉಕ್ಕು ಯುರೋಪಿನ ಒಳ್ಳೆಯ ಉಕ್ಕಿಗಿಂತ ತನಗೆ ಇಷ್ಟ ಅಂತ ಅಚ್ಚು ಹಾಕಿಸಿದ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಈ ಸ್ಟೋಡಾರ್ಟ್ ಜೊತೆ ಸೇರಿಯೇ ಉಕ್ಕಿನ ಪ್ರಯೋಗ ಮಾಡಿದ್ದು.

ವೂಟ್ಜ್‌ನಲ್ಲಿ ಇಂಗಾಲ ಶೇಕಡಾ 1.5ರ ಸುತ್ತಮುತ್ತ. ಅಂದರೆ ಅದೂ ಕಾರ್ಬೈಡ್ ತುಂಬಿದ ಉಕ್ಕೇ. ಜಾಸ್ತಿ ಕಾಯಿಸಿ ಬಡಿದರೆ ಪುಡಿಪುಡಿಯಾಗುತ್ತಿತ್ತು, ಹಾಗಾಗಿ ಯುರೋಪಿನ ಕಮ್ಮಾರರಿಗೆ ಅದು ಒಗ್ಗಲು ಕಷ್ಟವಾಯಿತು. ಅಲಗಿನ ಮೇಲೆ ಕಾಣುವ ನೀರಲೆಯ ಗೆರೆಗಳು ಸಾಲುಗಟ್ಟಿ ನಿಂತ ಕಾರ್ಬೈಡ್‌ಗಳು. ಅವು ಹಾಗೆ ಸಾಲುಗಟ್ಟಲು ಅದಿರಿನಿಂದ ಬಂದ ವನೇಡಿಯಂನಂಥ ಲೋಹಗಳ ಅತಿ ಸಣ್ಣ ಪಾಲು ಕಾರಣ ಎಂದು ಲೋಹತಜ್ಞ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ತೋರಿಸಿಕೊಟ್ಟರು. ಎಸ್30ವಿಯಲ್ಲಿ ಅಳೆದು ಹಾಕುವ ಅದೇ ವನೇಡಿಯಂ.

ಇನ್ನು ಹದದ ಮಾತು. ಉಕ್ಕಿನ ಹೆಸರು ಎಷ್ಟೇ ದೊಡ್ಡದಿರಲಿ, ಹದ ತಪ್ಪಿದರೆ ಬಾಯಿ ಹಾರುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಕುಲುಮೆಗೆ ಹೋಗಬೇಕು. ಸಾಗರದ ಕಡೆ ಒಂದು ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡುವುದನ್ನು ನಾನು ಬಹಳ ಹೊತ್ತು ಕೂತು ನೋಡಿದ್ದೇನೆ. ಬಡಿದು ರೂಪ ಬಂದ ಮೇಲೆ ಆಚಾರರು ಅಲಗನ್ನು ಕೆಂಪಗೆ ಕಾಯಿಸಿದರು. ಬೆನ್ನನ್ನು ಮೇಲಿಟ್ಟು, ಬಾಯಿಯ ಕಡೆ ಎರಡು ಬೆರಳಷ್ಟು ಮಾತ್ರ ನೀರಿಗೆ ಅದ್ದಿದರು. ಹೊರಗೆ ತೆಗೆದು ಕಲ್ಲಿನ ಚೂರಿನಿಂದ ಬಾಯಿಯ ಹತ್ತಿರ ಉಜ್ಜಿ ಹೊಳಪು ಬರಿಸಿದರು. ಆಮೇಲೆ ಸುಮ್ನೆ ಹಿಡಿದು ನೋಡುತ್ತಾ ಕೂತರು. ಬೆನ್ನಿನಲ್ಲಿ ಉಳಿದಿದ್ದ ಶಾಖ ನಿಧಾನಕ್ಕೆ ಕೆಳಗಿಳಿಯಿತು. ಹೊಳಪಿನ ಮೇಲೆ ಮೊದಲು ತೆಳು ಹಳದಿ ಬಂತು. ಹಳದಿ ಕಂದಾಯಿತು. ಕಂದಿನ ಹಿಂದೆಯೇ ನೇರಳೆ ಇಳಿಯುತ್ತಿತ್ತು. ಅದು ಬಾಯಿಗೆ ಮುಟ್ಟುವ ಮುಂಚೆ ಮತ್ತೆ ನೀರಿಗೆ ಅದ್ದಿಬಿಟ್ಟರು.

"ಹಳದೀಲೇ ನಿಲ್ಸಿದ್ರೆ ಬಾಯಿ ಹಾರ್ತದೆ ಮಾರಾಯ್ರೆ. ನೀಲಿ ಆಗೋಕೆ ಬಿಟ್ರೆ ಬಾಯಿ ತಿರುಗ್ತದೆ" ಅಂದರು.

"ಹಾಗಾದ್ರೆ ಸರಿಯಾದ ಬಣ್ಣ ಯಾವ್ದು ಆಚಾರ್ರೆ?"

"ನೀವು ಏನು ಕಡೀತೀರಿ ಅಂತ ಮೊದ್ಲು ಹೇಳಿ."

ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಆಚೀಚೆ 80 ಡಿಗ್ರಿಯೊಳಗೆ ಕತ್ತಿಯ ಗುಣವೇ ಬದಲಾಗುತ್ತದೆ. ಕಾರ್ಖಾನೆಯಲ್ಲಿ ಇದನ್ನೇ ಯಂತ್ರದ ಒಲೆಯಲ್ಲಿ, ಗಡಿಯಾರ ಇಟ್ಟು ಮಾಡುತ್ತಾರೆ. ನೀರಿಗೋ ಎಣ್ಣೆಗೋ ಅದ್ದಿ ಗಡಸಾದ ಉಕ್ಕು ಗಾಜಿನಂತೆ ಒಡೆಯಬಲ್ಲದು. ಮತ್ತೆ ಹಿತವಾಗಿ ಕಾಯಿಸಿದಾಗಲೇ ಅದಕ್ಕೆ ಜಿಗುಟು ಬರುವುದು. ಒಂದೇ ಹೆಸರಿನ ಉಕ್ಕಿನ ಎರಡು ಕಂಪನಿಯ ಚಾಕುಗಳು ಬೇರೆಬೇರೆಯಾಗಿ ನಡೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಂದಲೇ.

ಕಷ್ಟಪಟ್ಟು ತಂದ ಹದವನ್ನು ಸಾಣೆ ಚಕ್ರ ಒಂದು ಕ್ಷಣದಲ್ಲಿ ಹಾಳು ಮಾಡಬಲ್ಲದು. ಬಾಯಿ ತೆಳು, ಶಾಖ ಹರಿದುಹೋಗಲು ಅಲ್ಲಿ ಲೋಹವೇ ಇರುವುದಿಲ್ಲ. ನೀರಿಲ್ಲದೆ, ಕಿಡಿ ಹಾರಿಸುತ್ತಾ ಚಕ್ರಕ್ಕೆ ಒತ್ತಿ ಹಿಡಿದರೆ ಕಾರ್ಬನ್ ಉಕ್ಕಿನ ಅಲಗಿನ ಅಂಚಿನಲ್ಲಿ ನೀಲಿ ಬಣ್ಣ ಏರುವುದು ಕಾಣುತ್ತದೆ. ಆ ಜಾಗ ಮೆತ್ತಗಾಯಿತು ಅಂತಲೇ ತಿಳಿಯಿರಿ. ಹೊಸ ಚಾಕುವಿನಲ್ಲೂ ಇದು ಆಗುತ್ತದೆ. ಕಾರ್ಖಾನೆಯ ಬೆಲ್ಟಿನ ಮೇಲೆ ಬಿಸಿಯಾದ ಬಾಯಿ ಮೊದಲ ವಾರದಲ್ಲೇ ಕೆಡುತ್ತದೆ. ಎರಡು ಮೂರು ಸಲ ಕೈಯಲ್ಲಿ ನೀರು ಹಾಕಿ ಮಸೆದ ಮೇಲೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ, ಅದೇ ಚಾಕು ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ಚಾಕುವಿನ ಬಾಯಿ ಕೆಟ್ಟಿತು ಅಂತ ತಕ್ಷಣ ಉಕ್ಕನ್ನು ಬೈಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬಾಯಿಯ ಕೋನದ ಮಾತು ಚಿಕ್ಕದು, ಆದರೆ ಬಹಳ ಮುಖ್ಯ. ಒಂದೊಂದು ಪಕ್ಕಕ್ಕೆ 15 ಡಿಗ್ರಿ ಇಟ್ಟು ಮಸೆದರೆ ಸೊಗಸಾಗಿ ಕತ್ತರಿಸುತ್ತದೆ. 20 ಡಿಗ್ರಿ ಇಟ್ಟರೆ ಕತ್ತರಿಸುವ ಸುಖ ಸ್ವಲ್ಪ ಕಡಿಮೆ, ತಾಳಿಕೆ ಜಾಸ್ತಿ. ಚಕ್ಕೆ ಹಾರುತ್ತಿರುವ ಚಾಕುವಿಗೆ ಮೊದಲ ಮದ್ದು ಇದೇ. ಉಕ್ಕು ಬದಲಿಸುವುದಕ್ಕಿಂತ ಮುಂಚೆ ಕೋನವನ್ನು ಎರಡು ಡಿಗ್ರಿ ಏರಿಸಿ ನೋಡಿ.

ಇನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ. ನಿಂಬೆಹಣ್ಣು ತಾನೇ, ಒಂದು ಹೋಳು ತಾನೇ ಅಂತ ಕಟ್ಟೆಯ ಮೇಲೆಯೇ ಇಟ್ಟು ಕೊಯ್ಯುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಗ್ರಾನೈಟಿನಲ್ಲಿರುವ ಸ್ಫಟಿಕ ಶಿಲೆಯ ಕಣ ಚಾಕುವಿನ ಉಕ್ಕಿಗಿಂತ ಗಟ್ಟಿ. ಸ್ಟೀಲ್ ತಟ್ಟೆ, ಪಿಂಗಾಣಿ ತಟ್ಟೆಯೂ ಬೇಡ. ಮರದ ಹಲಗೆ ಇಟ್ಟುಕೊಳ್ಳಿ. ಒಣ ಅಡಿಕೆಗೆ ಅಡಕತ್ತರಿ ಇದೆ, ತೆಂಗಿನ ಚಿಪ್ಪಿಗೆ ಕತ್ತಿ ಇದೆ. ಜೇಬಿನ ಚಾಕುವನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಡಬ್ಬಿಯ ಮುಚ್ಚಳ ಮೀಟಲು ಅಂತೂ ಬೇಡವೇ ಬೇಡ, ಪಕ್ಕದ ಬಲವೇ ಬಾಯಿಗೆ ದೊಡ್ಡ ಶತ್ರು.

ನನ್ನನ್ನು ಕೇಳಿದರೆ, ಇಡೀ ದಿನ ರಟ್ಟು ಕತ್ತರಿಸುವ ಗೋದಾಮಿನ ಕೆಲಸಗಾರರಿಗೆ ವನೇಡಿಯಂ ಜಾಸ್ತಿ ಇರುವ ಉಕ್ಕು ಸರಿ. ತೋಟ, ಅಡುಗೆಮನೆ, ಪ್ರಯಾಣ ಎಲ್ಲಕ್ಕೂ ಒಂದೇ ಚಾಕು ಸಾಕು ಅನ್ನುವವರಿಗೆ ಸಣ್ಣ ಕಾರ್ಬೈಡಿನ ಜಿಗುಟು ಉಕ್ಕೇ ಇರಲಿ. ಎಇಬಿ-ಎಲ್, 12ಸಿ27, ವಿಕ್ಟೋರಿನಾಕ್ಸಿನ ಉಕ್ಕು. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಮ್ಯಾಗ್ನಾಕಟ್. ಹೊರಳಿದ ಬಾಯಿಯನ್ನು ಎಲ್ಲಿ ಬೇಕಾದರೂ ಕೂತು ಸರಿ ಮಾಡಿಕೊಳ್ಳಬಹುದು.

ಈಗಾಗಲೇ ಚಕ್ಕೆ ಹಾರಿದ ಚಾಕು ಕೈಯಲ್ಲಿದ್ದರೆ ಹೀಗೆ ಮಾಡಿ. ಉಗುರಿಗೆ ಮಾತ್ರ ಸಿಗುವಷ್ಟು ಚಿಕ್ಕದಿದ್ದರೆ ಬಿಡಿ, ಮುಂದಿನ ಎರಡು ಮೂರು ಮಸೆತದಲ್ಲಿ ತಾನೇ ಹೋಗುತ್ತದೆ. ಕಣ್ಣಿಗೆ ಎದ್ದು ಕಾಣುವಷ್ಟಿದ್ದರೆ ಒರಟು ಕಲ್ಲು ತೆಗೆದುಕೊಳ್ಳಿ, ನೀರು ಹಾಕಿ. ಮೊದಲು ಬಾಯಿಯನ್ನು ಕಲ್ಲಿಗೆ ನೆಟ್ಟಗೆ, ಕಲ್ಲನ್ನೇ ಕತ್ತರಿಸುವ ಹಾಗೆ ಹಿಡಿದು ಹಗುರವಾಗಿ ಎಳೆಯಿರಿ. ಬಾಯಿ ಪೂರ್ತಿ ಮೊಂಡಾಗುತ್ತದೆ, ಹೆದರಬೇಡಿ. ದಣಿದು ಬಿರುಕು ಬಿಟ್ಟ ಉಕ್ಕೆಲ್ಲ ಹೋಗುವುದು ಹೀಗೇ. ಗುಂಡಿ ಮಾಯವಾದ ಮೇಲೆ ಎರಡೂ ಪಕ್ಕ ಸಮವಾಗಿ ಮಸೆಯುತ್ತಾ ಬನ್ನಿ. ಬೆಳಕಿಗೆ ಹಿಡಿದಾಗ ಕಾಣುವ ಬಿಳಿ ಗೆರೆ ಸಣ್ಣದಾಗುತ್ತಾ ಹೋಗಬೇಕು. ಅದು ಕಾಣದಾದ ತಕ್ಷಣ ಒರಟು ಕಲ್ಲು ಬಿಟ್ಟು ನಯದ ಕಲ್ಲಿಗೆ ಬನ್ನಿ. ಕೊನೆಯಲ್ಲಿ ಕೋನ ಚೂರು ಏರಿಸಿ, ಭಾರವೇ ಹಾಕದೆ ಒಂದೊಂದು ಪಕ್ಕಕ್ಕೆ ನಾಲ್ಕೈದು ಸಲ ಎಳೆದರೆ ಕೆಲಸ ಮುಗಿಯಿತು.